ಬ್ರೈಸ್ ಹ್ಯಾಡ್ಲಿ ಈ ವರ್ಷವೂ ಹೋಗಲಿಲ್ಲ

ಕ್ಲೇಬರ್ನ್, ನೆಬ್ರಾಸ್ಕಾ
ಜನವರಿ 14, ಬುಧವಾರ ಮಧ್ಯಾಹ್ನ

ಪ್ರೀತಿಯ ವೆಂಡಲ್,

ಹೇಗಿದ್ದೀಯಪ್ಪಾ? ಬಲಗೈ ಬೆರಳುಗಳು ಇನ್ನೂ ಮರಗಟ್ಟುತ್ತವೆಯೇ? ಹೋದ ಸಲ ದಡಕ್ಕೆ ಬಂದು ಫೋನ್ ಮಾಡಿದಾಗ ಕೆಮ್ಮುತ್ತಿದ್ದೆ. ಡೀಸೆಲ್ ಹೊಗೆ ಅಂದೆ. ನಾನು ನಂಬಲಿಲ್ಲ. ಅಲಾಸ್ಕಾದ ಸಮುದ್ರದಲ್ಲಿ ಏಡಿ ಹಿಡಿಯುವವನು ಕೆಮ್ಮಿದರೆ ಕೇಳುವವರು ಯಾರು? ನಿಮ್ಮ ಕ್ಯಾಪ್ಟನ್ ಏಡಿಯ ಆರೋಗ್ಯ ವಿಚಾರಿಸಿದಷ್ಟು ನಿನ್ನದನ್ನು ವಿಚಾರಿಸುವುದಿಲ್ಲ ಎಂದು ನನ್ನ ಗುಮಾನಿ. ಉಣ್ಣೆಯ ಕೈಗವಸು ಎರಡು ಜೊತೆ ಬೇರೆಯಾಗಿ ಕಳಿಸಿದ್ದೇನೆ, ಚರ್ಚಿನ ಹೆಂಗಸರು ಹೆಣೆದದ್ದು. ಬಣ್ಣ ನೋಡಿ ನಗಬೇಡ. ನಾನು ಚೆನ್ನಾಗಿದ್ದೇನೆ. ಮೊಣಕಾಲು ಹಿಮ ಬೀಳುವ ಮೊದಲು ನನಗೆ ತಿಳಿಸುತ್ತದೆ, ಅದರಿಂದ ಟಿವಿಯ ಹವಾಮಾನದವನನ್ನು ನೋಡುವುದು ಬಿಟ್ಟಿದ್ದೇನೆ. ಸಕ್ಕರೆ ಬಿಡಿ ಎಂದು ಡಾಕ್ಟರು ಹೇಳಿದ್ದಾರೆ. ನಾನು ಡಾಕ್ಟರನ್ನೇ ಬಿಡುವ ಯೋಚನೆಯಲ್ಲಿದ್ದೇನೆ. ನಿನ್ನ ಅಮ್ಮನ ಸಮಾಧಿಯ ಮೇಲಿನ ಹಿಮವನ್ನು ಭಾನುವಾರ ಗುಡಿಸಿ ಬಂದೆ. ಪಕ್ಕದಲ್ಲಿ ಮಲಗಿರುವ ನೆರೆಮನೆಯ ಹೆಲ್ಗಾಳ ಕಲ್ಲಿನ ಮೇಲಿನದನ್ನು ಮುಟ್ಟಲಿಲ್ಲ. ಅವರಿಬ್ಬರಿಗೆ ಆಗುತ್ತಿರಲಿಲ್ಲವಲ್ಲ.

ಈಗ ಊರಿನ ಸುದ್ದಿ. ಬ್ರೈಸ್ ಹ್ಯಾಡ್ಲಿ ಮತ್ತೆ ಬರುತ್ತಾನಂತೆ. ಹಾಗೆ ಹೇಳುವುದೇ ತಪ್ಪು, ಹೋದವನಲ್ಲವೇ ಮತ್ತೆ ಬರುವುದು? ಇವನು ಹೋದದ್ದು ಯಾವಾಗ? ನಿನ್ನ ಅಮ್ಮ ತೀರಿಕೊಂಡ ವರ್ಷ ಕಾಲೇಜು ಫುಟ್‌ಬಾಲ್ ತಂಡದಲ್ಲಿ ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕ್ ಅವನೇ, ನೀನು ಹಡಗು ಹತ್ತಿದ ವರ್ಷವೂ ಅವನೇ, ಮುಂದಿನ ಸೀಸನ್ನಿಗೂ ಅವನೇ. ಕಾಲೇಜಿನಲ್ಲಿ ಒಬ್ಬ ಇಷ್ಟೇ ವರ್ಷ ಆಡಬಹುದು ಎಂದು ನಿಯಮವಿದೆ, ಆದರೆ ಒಂದು ವರ್ಷ ಮೊಣಕಾಲು ತಿರುಚಿಕೊಂಡ, ಅದು ಲೆಕ್ಕಕ್ಕಿಲ್ಲವಂತೆ. ಇನ್ನೊಂದು ವರ್ಷ ಊರಿಗೆಲ್ಲ ಕಾಯಿಲೆ, ಅದೂ ಲೆಕ್ಕಕ್ಕಿಲ್ಲವಂತೆ. ಮತ್ತೊಂದು ವರ್ಷ ಹೆಬ್ಬೆರಳು. ಹೀಗೆ ಲೆಕ್ಕಕ್ಕಿಲ್ಲದ ವರ್ಷಗಳನ್ನೇ ಕೂಡಿಹಾಕಿ ಅವನಿಗೆ ಈಗ ಇಪ್ಪತ್ತೈದು ತುಂಬಿದೆ. ಮದುವೆಯಾಗಿದೆ. ಮಗಳು ಶಿಶುವಿಹಾರಕ್ಕೆ ಹೋಗುತ್ತಾಳೆ. ಅವಳು ಅಲ್ಲಿಂದ ತೇರ್ಗಡೆಯಾಗಿ ಹೊರಬೀಳುವುದು ಅಪ್ಪನಿಗಿಂತ ಮೊದಲೇ. ಎರಡು ಪದವಿ ಮುಗಿಸಿ ಈಗ ಮೂರನೆಯದಕ್ಕೆ ಹೆಸರು ಬರೆಸಿದ್ದಾನೆ, ಜನರ ಬಿಡುವಿನ ವೇಳೆಯನ್ನು ಹೇಗೆ ನಿರ್ವಹಿಸಬೇಕು ಎಂಬ ಶಾಸ್ತ್ರವಂತೆ. ಆಡುವುದಾದರೂ ಹೇಗೆ? ಅವನು ಎಸೆದ ಚೆಂಡನ್ನು ನಮ್ಮವರು ಹಿಡಿದದ್ದಕ್ಕಿಂತ ಎದುರಾಳಿಗಳು ಹಿಡಿದದ್ದೇ ಚೆಂದವಾಗಿರುತ್ತದೆ.

ಈ ಶುಭಸಮಾಚಾರವನ್ನು ಅವನು ಸಾರಿದ ರೀತಿ ಕೇಳು. ಒಂದು ವಿಡಿಯೊ ಮಾಡಿಸಿದ್ದಾನೆ. ಕುಯ್ಲಾದ ಜೋಳದ ಹೊಲದಲ್ಲಿ ಒಬ್ಬನೇ ನಡೆಯುತ್ತಾನೆ, ಹಿಂದೆ ಪಿಯಾನೊ. ಆಕಾಶ ನೋಡುತ್ತಾನೆ. ಒಂದು ಹಿಡಿ ಮಣ್ಣೆತ್ತಿ ಬೆರಳಸಂದಿಯಲ್ಲಿ ಸುರಿಯುತ್ತಾನೆ. ಇವನ ವಂಶದಲ್ಲಿ ಯಾರೂ ಹೊಲ ಉತ್ತವರಲ್ಲ, ಅಪ್ಪ ವಿಮೆ ಮಾರುತ್ತಾನೆ. ಕೊನೆಗೆ ನಮ್ಮ ಕಡೆ ತಿರುಗಿ, “ನನ್ನ ಕೆಲಸ ಇನ್ನೂ ಮುಗಿದಿಲ್ಲ” ಅನ್ನುತ್ತಾನೆ. ಲೊರೇನ್‌ಳ ಕೆಫೆಯಲ್ಲಿ ಅದನ್ನು ದೊಡ್ಡ ಟಿವಿಗೆ ಹಾಕಿದರು. ದೊಡ್ಡ ದೊಡ್ಡ ಗಂಡಸರು, ಟ್ರ್ಯಾಕ್ಟರು ಮಗುಚಿ ಕಾಲು ಮುರಿದಾಗಲೂ ಹಲ್ಲು ಕಚ್ಚಿಕೊಂಡಿದ್ದವರು, ಟೋಪಿ ತೆಗೆದು ಕಣ್ಣೊರೆಸಿಕೊಂಡರು. ನಾನು ಬೀನ್ಸು-ಮಾಂಸದ ಸಾರಿಗೆ ದಾಲ್ಚಿನ್ನಿ ರೋಲು ಅದ್ದಿಕೊಂಡು ತಿನ್ನುತ್ತಿದ್ದೆ, ತಿನ್ನುತ್ತಲೇ ಇದ್ದೆ. ಕ್ಷೌರದಂಗಡಿಯ ವರ್ನ್ ತಡೆಯಲಾರದೆ, “ಏನೋ ಲೀಲಂಡ್, ಚಪ್ಪಾಳೆ ತಟ್ಟೋಕೂ ಕೈ ನೋವಾ? ಮೊಮ್ಮಗ ಆಡಲ್ವಲ್ಲ ಅಂತ ಹೊಟ್ಟೆಕಿಚ್ಚು ಕಣೋ ನಿಂಗೆ” ಅಂದ. “ಹೌದು ಕಣೋ, ಹೊಟ್ಟೆಕಿಚ್ಚೇ. ಆದ್ರೆ ನಿನ್ ಹತ್ರ ಕ್ಷೌರಕ್ಕೆ ಕೂತೋನು ಏಳು ವರ್ಷ ಕುರ್ಚಿ ಬಿಟ್ಟು ಏಳ್ದೇ ಇದ್ರೆ ನೀನು ಚಪ್ಪಾಳೆ ತಟ್ತೀಯೇನೋ?” ಅಂದೆ. ಲೊರೇನ್ ನಕ್ಕಳು. ಅವಳೊಬ್ಬಳೇ.

ಹೊಟ್ಟೆಕಿಚ್ಚನ್ನು ನಾನೇಕೆ ಮುಚ್ಚಿಡಲಿ? ಹನ್ನೊಂದು ಜನರಲ್ಲಿ ಚೆಂಡೆಸೆಯುವವನು ಒಬ್ಬನೇ. ಅವನು ಆಡುವಷ್ಟು ದಿನ ಎರಡನೆಯವನು ಗೆರೆಯಾಚೆ ತಲೆಗೆ ಟೋಪಿ, ಕಿವಿಗೆ ಕೋಚ್‌ನ ಮಾತು ಕೇಳುವ ಯಂತ್ರ ಸಿಕ್ಕಿಸಿಕೊಂಡು ನಿಂತಿರಬೇಕು. ನಿನ್ನ ಮಗ ಗ್ಯಾರೆಟ್ ಹಾಗೆ ನಿಂತು ಮೂರು ವರ್ಷವಾಯಿತು. ಕೋಚ್ ಸ್ಟ್ರೂಬಲ್ ಅವನನ್ನು ಕರೆದು, “ಇನ್ನೊಂದೇ ಒಂದು ವರ್ಷ ತಡ್ಕೊ ಮರಿ, ಆಮೇಲೆ ತಂಡಾನೇ ನಿಂದು” ಅಂದನಂತೆ. ಹೋದ ವರ್ಷವೂ ಅದೇ ಮಾತು, ಮರಿ ಸಮೇತ. ಈಗ ದಕ್ಷಿಣ ಡಕೋಟಾದ ಒಂದು ಚಿಕ್ಕ ಕಾಲೇಜಿನವರು ಗ್ಯಾರೆಟ್‌ನನ್ನು ಕೇಳಿದ್ದಾರೆ. ಅಲ್ಲಿ ಎಸೆಯುವವನಿಲ್ಲ, ಇವನು ಬಂದರೆ ಮೊದಲ ಆಟದಿಂದಲೇ ಇವನದು. ಹುಡುಗನಿಗೆ ಹೋಗುವ ಮನಸ್ಸು ಬಾಯಿಯವರೆಗೆ ಬಂದಿದೆ, ಬಾಯಿ ಬಿಡುವುದಿಲ್ಲ. ಯಾಕೆ ಅಂದರೆ ಕ್ರಿಸ್‌ಮಸ್ಸಿಗೆ ನೀನು ಫೋನಿನಲ್ಲಿ, “ನಮ್ಮಲ್ಲಿ ತಂಡ ಬಿಟ್ಟು ಓಡಿಹೋದೋರು ಯಾರೂ ಇಲ್ಲ” ಅಂದೆಯಲ್ಲ, ಅದು. ಅವನು ಅದನ್ನು ನುಂಗಿಕೊಂಡು ಓಡಾಡುತ್ತಿದ್ದಾನೆ.

ಇನ್ನು ಟವೆಲಿನ ಕಥೆ ಹೇಳಬೇಕು, ಯಾಕೆಂದರೆ ಬೇರೆಯವರ ಬಾಯಿಂದ ಕೇಳಿದರೆ ನಿನಗೆ ಅದು ಕೊಲೆಯ ಕಥೆಯಂತೆ ಕೇಳಿಸುತ್ತದೆ. ನವೆಂಬರಿನ ಕೊನೆಯ ಆಟದ ದಿನ, ಬೀಳ್ಕೊಡುಗೆ, ನಿನಗೆ ಗೊತ್ತಿರುವುದೇ. ಮುಗಿಸಿ ಹೋಗುವ ಹುಡುಗರು ಅಪ್ಪ ಅಮ್ಮನ ಕೈ ಹಿಡಿದು ಮೈದಾನದ ಮಧ್ಯಕ್ಕೆ ನಡೆಯುತ್ತಾರೆ, ಅಮ್ಮನಿಗೆ ಹೂವು, ಹುಡುಗನಿಗೆ ಚೌಕಟ್ಟು ಹಾಕಿಸಿದ ಜರ್ಸಿ. ಬ್ರೈಸ್‌ಗೆ ಇದು ಎರಡನೆಯ ಬೀಳ್ಕೊಡುಗೆ. ಅವರಮ್ಮ ಎರಡನೆಯ ಸಲವೂ ಮೊದಲನೆಯ ಸಲದಷ್ಟೇ ಅತ್ತಳು, ಆ ಹೆಂಗಸಿನ ಶ್ವಾಸಕೋಶವನ್ನು ಮೆಚ್ಚಬೇಕು. ಚೌಕಟ್ಟಿನ ಜರ್ಸಿ ಎರಡಾದವು, ಊಟದ ಮನೆಯ ಗೋಡೆಗೆ ಎರಡೂ ಕಡೆ ತೂಗುಹಾಕಿದ್ದಾರಂತೆ. ಆಮೇಲೆ ಅವನು ಸೊಂಟದಲ್ಲಿ ಸಿಕ್ಕಿಸಿಕೊಳ್ಳುವ ಆ ಟವೆಲನ್ನು ಊರೆಲ್ಲ ನೋಡುವ ಹಾಗೆ ಗ್ಯಾರೆಟ್‌ನ ಕೊರಳಿಗೆ ಹಾಕಿ ತಬ್ಬಿಕೊಂಡ. ಯಾವ ಕಾಲದಲ್ಲೋ ಒಂದು ವರ್ಷ ಎಲ್ಲ ಆಟ ಗೆದ್ದೆವಲ್ಲ, ಅಂದಿನಿಂದ ಒಬ್ಬರಿಂದ ಒಬ್ಬರಿಗೆ ಬಂದದ್ದು. ಆ ವರ್ಷದ ಬೆವರು ಹೋಗಬಾರದೆಂದು ಒಮ್ಮೆಯೂ ಒಗೆದಿಲ್ಲ. ನಾನು ಕಾಲೇಜಿನಲ್ಲಿ ಎರಡು ವರ್ಷ ಇಂಗ್ಲಿಷ್ ಓದಿದವನು, ಬಹುಪಾಲು ಮರೆತಿದ್ದೇನೆ. ಆದರೆ ಮಿಸ್ ಪ್ರೂಯಿಟ್ ನಾಟಕ ಓದಿಸುವಾಗ ಹಾಳೆಯ ಅಂಚಿನಲ್ಲಿ ‘ಎಕ್ಸಿಟ್’ ಎಂದಿದ್ದರೆ ಬೆತ್ತದಿಂದ ಬಾಗಿಲು ತೋರಿಸುತ್ತಿದ್ದದ್ದು ನೆನಪಿದೆ. ಎಕ್ಸಿಟ್ಟೋ ಎಕ್ಸಿಯಂಟೋ, ಒಬ್ಬನಿಗೆ ಒಂದು, ಹಲವರಿಗೆ ಇನ್ನೊಂದು. ರಾಜನಾಗಲಿ ಆಳಾಗಲಿ, ಆ ಮಾತು ಬಂದರೆ ಆಚೆ. ಅಂದು ಮೈದಾನದಲ್ಲಿ ನಾನು ಅಂದುಕೊಂಡೆ, ಅಬ್ಬಾ, ಇವನಿಗೂ ಬಂತು.

ಟವೆಲನ್ನು ಗ್ಯಾರೆಟ್ ನಮ್ಮ ಅಡುಗೆಮನೆಯ ಮೊಳೆಗೆ ಹಾಕಿದ. ಮೂರು ದಿನಕ್ಕೆ ಮನೆಯೆಲ್ಲ ಸತ್ತ ಹೆಗ್ಗಣದ ವಾಸನೆ. ನಾಲ್ಕನೆಯ ದಿನ ನಾನು ಅದನ್ನು ಯಂತ್ರಕ್ಕೆ ಹಾಕಿ, ಬಿಸಿನೀರು, ಬಿಳುಪುಪುಡಿ ಎಲ್ಲ ಹಾಕಿ ಒಗೆದೆ. ಗೊತ್ತಿದ್ದೇ ಒಗೆದೆ. ಅಂಥ ಗಲೀಜಿನಿಂದ ಯಾವ ಹುಡುಗನೂ ಬೆವರು ಒರೆಸಿಕೊಳ್ಳಬಾರದು. ಗ್ಯಾರೆಟ್ ಬಂದು ನೋಡಿ ಬೆಚ್ಚಿದ, ಆಮೇಲೆ ಮೂಸಿ ನೋಡಿ ನಕ್ಕ. “ತಾತ, ಇದು ಬಿಳೀದು ಅಂತ ಯಾರಿಗೂ ಗೊತ್ತಿರ್ಲಿಲ್ಲ” ಅಂದ.

ಹೋದ ಶನಿವಾರ ಬಾಗಿಲು ಬಡಿಯಿತು. ಬ್ರೈಸ್. ಹೊಸ ಪಿಕಪ್ಪು, ಅದರ ಬಾಗಿಲ ಮೇಲೆ ಕಾರು ಮಾರುವವನ ಹೆಸರು, ಆಟಗಾರನೆಂದು ಪುಕ್ಕಟೆ ಕೊಟ್ಟದ್ದು. ಒಳಗೆ ಬಂದವನು ಟೋಪಿಯನ್ನೂ ತೆಗೆಯಲಿಲ್ಲ. “ಹೇಗಿದ್ದೀರಾ ಮಿಸ್ಟರ್ ಕುಚೇರಾ?” ಅಂದು, ಉತ್ತರಕ್ಕೆ ಕಾಯದೆ, “ಗ್ಯಾರೆಟ್, ಮಗಾ, ಬೇಜಾರ್ ಮಾಡ್ಕೋಬೇಡ. ಆ ಟವೆಲ್ ಇದ್ಯಲ್ಲ, ಅದು ಇನ್ನೊಂದು ವರ್ಷ ನನ್ ಹತ್ರಾನೇ ಇದ್ರೆ ಒಳ್ಳೇದು ಅಂತ ಕೋಚ್ ಅಂದ್ರು. ತಂಡದ ದೃಷ್ಟಿಯಿಂದ” ಅಂದ. ಗ್ಯಾರೆಟ್ ಮೊಳೆಯಿಂದ ತೆಗೆದು ಕೊಟ್ಟ. ಬ್ರೈಸ್ ಅದನ್ನು ಹಿಡಿದು ತಿರುಗಿಸಿ ನೋಡಿದ. ಮೂಸಿದ. ಅವನ ಮುಖ ನೀನು ನೋಡಬೇಕಿತ್ತು ವೆಂಡಲ್. ಹುಡುಗನೊಬ್ಬನ ಮೂರು ವರ್ಷ ತಿಂದು, ಕೊಟ್ಟದ್ದನ್ನು ವಾಪಸು ಕೇಳಲು ಬರುವಾಗ ಹನಿ ನಾಚಿಕೆಯಿಲ್ಲದ ಆ ಮುಖ, ಟವೆಲಿನಿಂದ ಸಾಬೂನಿನ ನಿಂಬೆಹಣ್ಣಿನ ವಾಸನೆ ಬಂದಾಗ ಕಿವುಚಿಹೋಯಿತು. “ಒಗೆದ್ಬಿಟ್ರಾ? ನಿಜವಾಗ್ಲೂ ಒಗೆದ್ಬಿಟ್ರಾ?” ಕಣ್ಣಲ್ಲಿ ನೀರು! “ಇಸ್ತ್ರಿ ಬೇಕಿದ್ರೆ ಬುಧವಾರ ಬಾ” ಅಂದೆ ನಾನು. ಗ್ಯಾರೆಟ್ ಬಾಗಿಲು ಹಾಕಿ ಬಂದು, “ಪಾಪ ತಾತ” ಅಂದ. ಪಾಪವಂತೆ! ಈ ಒಳ್ಳೆಯತನ ಅವನಿಗೆ ನಿನ್ನ ಅಮ್ಮನ ಕಡೆಯಿಂದ ಬಂದಿದೆ, ನಮ್ಮಲ್ಲಿ ಯಾರಿಗೂ ಇಲ್ಲ.

ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಮರುದಿನ ಚರ್ಚಿನಲ್ಲಿ ಪಕ್ಕದಲ್ಲಿ ಕೂರುತ್ತಿದ್ದವರು ಒಂದು ಸಾಲು ಹಿಂದೆ ಹೋದರು. ವರ್ನ್ ನನ್ನ ತಲೆ ಮುಟ್ಟುವುದಿಲ್ಲವಂತೆ, ಮುಟ್ಟಲು ಅಲ್ಲಿ ಉಳಿದಿರುವುದಾದರೂ ಏನು? ಊರ ಶಾಲೆಯ ಮಾಡು ಸೋರುತ್ತದೆ, ಗ್ರಂಥಾಲಯ ವಾರಕ್ಕೆರಡು ದಿನ ತೆರೆಯುತ್ತದೆ, ಅದಕ್ಕೆ ಅತ್ತವರನ್ನು ನಾನು ಕಾಣೆ. ಚಿಂದಿ ಬಟ್ಟೆಯೊಂದು ಶುಚಿಯಾಯಿತೆಂದು ಊರಿಗೆ ಊರೇ ಸೂತಕ ಹಿಡಿದು ಕುಳಿತಿದೆ.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ, ಸಿಟ್ಟು ಮಾಡಿಕೊಳ್ಳದೆ ಓದು. ನೀನೂ ಅದೇ ಗೆರೆಯಾಚೆ ನಾಲ್ಕು ವರ್ಷ ನಿಂತವನು. ಕೊನೆಯ ವರ್ಷದ ಕೊನೆಯ ಆಟದಲ್ಲಿ, ನಾವು ಗೆದ್ದಾಗಿದ್ದಾಗ, ಎರಡು ನಿಮಿಷ ಒಳಗೆ ಬಿಟ್ಟರು. ನಿನ್ನ ಅಮ್ಮ ಎದ್ದು ನಿಂತು ಕೂಗಿದ ರಭಸಕ್ಕೆ ಮುಂದಿನವನ ಟೋಪಿಯ ಮೇಲೆ ಕಾಫಿ ಚೆಲ್ಲಿತು. ನೀನು ಒಂದು ಸಲವೂ ಗೊಣಗಲಿಲ್ಲ. ಅದನ್ನು ನಾನು ಹಗುರವಾಗಿ ಕಾಣುವವನಲ್ಲ, ಇಂದಿಗೂ ಅದನ್ನು ನೆನೆದರೆ ಎದೆ ತುಂಬುತ್ತದೆ. ಆದರೆ ಮಗನೇ, ನೀನು ಕಾದದ್ದು ಹೋಗುವವನ ಹಿಂದೆ. ಅವನು ಓದು ಮುಗಿಸಿ ಹೋದ, ಗೋದಾಮಿನ ಕೆಲಸಕ್ಕೆ ಸೇರಿದ, ಈಗಲೂ ಸಿಕ್ಕರೆ ನಿನ್ನ ಕ್ಷೇಮ ಕೇಳುತ್ತಾನೆ. ಗ್ಯಾರೆಟ್ ಕಾಯುತ್ತಿರುವುದು ಹೋಗದವನ ಹಿಂದೆ. ಹೋಗದವನ ಹಿಂದೆ ಕಾಯುವುದು ತಾಳ್ಮೆಯಲ್ಲ, ಅವನ ಸೊಕ್ಕಿಗೆ ಗೊಬ್ಬರ ಹಾಕುವುದು. ಡಕೋಟಾದವರು ತಿಂಗಳ ಕೊನೆಯವರೆಗೆ ಸಮಯ ಕೊಟ್ಟಿದ್ದಾರೆ. ಅಷ್ಟರಲ್ಲಿ ನೀನು ದಡಕ್ಕೆ ಬರುತ್ತೀಯ. ಈ ಪತ್ರ ಬಂದರಿನ ಅಂಚೆಯಲ್ಲಿ ಕೈಗೆ ಸಿಕ್ಕ ಕೂಡಲೇ ಅವನಿಗೆ ಫೋನ್ ಮಾಡು. ಉದ್ದ ಮಾತು ಬೇಡ, ನಿನಗೆ ಬರುವುದೂ ಇಲ್ಲ. ‘ಹೋಗು’ ಅನ್ನು, ಸಾಕು. ನನ್ನ ಮಾತಿಗೆ ಅವನು ನಗುತ್ತಾನೆ. ನಿನ್ನ ಮಾತಿಗೆ ಮಾತ್ರ ಕಾಯುತ್ತಾನೆ.

ಗಾಳಿ ಜೋರಿದ್ದಾಗ ಹಗ್ಗ ಕಟ್ಟಿಕೊಳ್ಳದೆ ಹೊರಗೆ ನಿಲ್ಲಬೇಡ. ಕೆಮ್ಮಿಗೆ ಏನಾದರೂ ತೆಗೆದುಕೋ. ದೇವರು ನಿನ್ನನ್ನೂ ನಿನ್ನ ಹಡಗನ್ನೂ ನೀರಿನ ಮೇಲೇ ಇಟ್ಟಿರಲಿ. ಲೊರೇನ್ ನಿನ್ನನ್ನು ಕೇಳಿದಳು, ಎರಡು ಸಲ.

ನಿನ್ನ ಅಪ್ಪ,
ಲೀಲಂಡ್ ಕುಚೇರಾ

ಮತ್ತೆ ಬರೆಯುತ್ತಿದ್ದೇನೆ, ಗುರುವಾರ ಬೆಳಿಗ್ಗೆ: ಲಕೋಟೆ ಅಂಟಿಸುವಷ್ಟರಲ್ಲಿ ಗ್ಯಾರೆಟ್ ಓಡಿಬಂದ. ಡಕೋಟಾದವರಿಗೆ ಇನ್ನೊಬ್ಬ ಹುಡುಗ ಸಿಕ್ಕಿದ್ದಾನಂತೆ, ಇವನು ನಾಳೆ ಮಧ್ಯಾಹ್ನದೊಳಗೆ ಹೇಳದಿದ್ದರೆ ಜಾಗ ಅವನಿಗೆ. “ಅಪ್ಪ ಸಿಗಲ್ವಲ್ಲ ತಾತ, ಬಿಡು, ಇಲ್ಲೇ ಇರ್ತೀನಿ” ಅಂದ. ನೀನು ನಿನ್ನೆ ರಾತ್ರಿ ಕ್ಯಾಪ್ಟನ್‌ನ ಫೋನಿನಿಂದ ಒಂದು ನಿಮಿಷ ಮಾತಾಡಿದೆ ಎಂದು ಹೇಳಿಬಿಟ್ಟೆ. ಗಾಳಿಯ ಸದ್ದು ಬಹಳ ಇತ್ತು ಎಂದೂ ಸೇರಿಸಿದೆ. “ಏನಂದ?” ಅಂದ. “‘ಹೋಗು’ ಅಂದ” ಅಂದೆ. “ಅಷ್ಟೇನಾ? ಇನ್ನೇನೂ ಅನ್ನಲಿಲ್ವಾ?” ಅಂದ. ಏನು ಮಾಡಲಿ, ಆ ಮುಖ ನೋಡಿಕೊಂಡು “ನೀನು ಓಡಿಹೋಗ್ತಿಲ್ಲ, ಆಡೋಕೆ ಹೋಗ್ತಿದ್ದೀಯ ಅಂದ” ಅಂದೆ. ಹುಡುಗ ಫ್ರಿಜ್ ಬಾಗಿಲು ತೆರೆದು ಒಳಗೆ ಮುಖವಿಟ್ಟು ಬಹಳ ಹೊತ್ತು ನಿಂತ, ಏನೂ ತೆಗೆದುಕೊಳ್ಳಲಿಲ್ಲ. ಈಗ ಆಚೆ ಕೋಣೆಯಲ್ಲಿ ಅವರಿಗೆ ಫೋನ್ ಮಾಡುತ್ತಿದ್ದಾನೆ. ನೀನು ದಡಕ್ಕೆ ಬಂದಾಗ ಅವನು ಆ ಮಾತು ಎತ್ತುತ್ತಾನೆ. ಅದು ನಿನ್ನದೇ ಮಾತು, ವೆಂಡಲ್. ಮೇಲೆ ಬರೆದಿದ್ದೇನೆ ನೋಡು, ಬಾಯಿಪಾಠ ಮಾಡಿಕೋ, ಒಂದು ಪದವೂ ತಪ್ಪಬಾರದು.