ಮಿತ್ರಾಳ ಪರವಾಗಿ ಅವ್ವ ಹೇಳಿದ್ದು

ಜೂನ್ 9, ಸೋಮವಾರ

ಆರು ಗಂಟೆಯ ನೀರಿನ ಮಟ್ಟ ಬರೆದು, ಬೀಚನಹಳ್ಳಿ ಅಣೆಕಟ್ಟೆಯ ಪಾಳಿ ಒಪ್ಪಿಸಿ, ಅವ್ವ ಮತ್ತು ಮಗಳೊಂದಿಗೆ ಎಚ್.ಡಿ. ಕೋಟೆ ಆಸ್ಪತ್ರೆಗೆ. ಮಿತ್ರಾಗೆ ಎರಡು ವರ್ಷ ಎಂಟು ತಿಂಗಳು. ಒಂದು ಮಾತೂ ಬಂದಿಲ್ಲ. ಮೈಸೂರಿನ ಮಾತಿನ ಥೆರಪಿಗೆ ಇಲ್ಲಿಂದ ಚೀಟಿ ಬೇಕು.

ಡಾಕ್ಟರಮ್ಮ ಫಾರಂ ತೆಗೆದರು. "ಏನಾದ್ರೂ ಬೇಕಾದ್ರೆ ಕೇಳ್ತಾಳಾ?"

ನಾನು ಬಾಯಿ ತೆರೆಯುವ ಮೊದಲೇ ಅವ್ವ — "ಕೇಳ್ದೆ ಬುಟ್ಟಾಳಾ? ನೀರು, ಅನ್ನ, ಎಲ್ಲಾ ಕೇಳ್ತಾಳೆ ಕಣವ್ವ. ಮಾತು ವಸಿ ತಡ. ಇವನೂ ಅಂಗೇಯ. ಈಗ್ಲೂ ದಿನಕ್ಕೆ ನಾಕು ಮಾತು."

ಡಾಕ್ಟರಮ್ಮ ನಕ್ಕರು. ಫಾರಂನಲ್ಲಿ ಎಲ್ಲದಕ್ಕೂ 'ಹೌದು' ಎಂದು ಬರೆದುಕೊಂಡರು. ಆರು ತಿಂಗಳು ನೋಡೋಣ ಎಂದರು. ಹೊರಗಿನವರ ಎದುರು ಅವ್ವನ ಮಾತನ್ನು ಸುಳ್ಳಾಗಿಸಲು ಆಗಲಿಲ್ಲ. ಚೀಟಿ ಸಿಗಲಿಲ್ಲ.

ಸಂಜೆ ರೆಸಾರ್ಟ್ ಕೆಲಸ ಮುಗಿಸಿ ಬಂದ ಹೆಂಡತಿ ಮಾನಸ ಕೇಳಿದಳು: "ಮಗಳ ಅಪ್ಪ ನೀವಾ, ಅತ್ತೆನಾ?"



ಜೂನ್ 14, ಶನಿವಾರ

ಓದುತ್ತಿದ್ದ ರಷ್ಯನ್ ಕಾದಂಬರಿ ಪಕ್ಕಕ್ಕಿಟ್ಟೆ. ಅನುವಾದಕರನ್ನು ನಂಬಿ ಓದುವವನು ನಾನು. ಮಿತ್ರಾಳ ವಿಷಯದಲ್ಲಿ ಮೂಲವನ್ನೇ ನೋಡಬೇಕು. ಬೇರೆ ನೋಟ್‌ಬುಕ್ಕಿನಲ್ಲಿ ಗಂಟೆ ಹಾಕಿ ಬರೆಯುತ್ತಿದ್ದೇನೆ.

7.10 — ಮಿತ್ರಾ ಬಾಗಿಲು ನೋಡಿದಳು. ಅವ್ವ ಎತ್ತಿಕೊಂಡು ಹೊರಗೆ ಹೋದಳು.
7.30 — ತುಟಿ ಚಪ್ಪರಿಸಿದಳು. ಅವ್ವ ನೀರು ಕುಡಿಸಿದಳು.
ಮಾತು, ಸನ್ನೆ — ಇಲ್ಲ.

ಅವ್ವ ಸುಳ್ಳು ಹೇಳಿರಲಿಲ್ಲ. ಮಿತ್ರಾ ಕೇಳುವ ಮುಂಚೆಯೇ ಅವ್ವನಿಗೆ ತಿಳಿಯುತ್ತದೆ. ಅದನ್ನೇ ಕೇಳಿದ್ದು ಎಂದುಕೊಂಡಿದ್ದಾಳೆ.

ಜುಲೈ 3, ಗುರುವಾರ

ಮತ್ತೆ ಕೋಟೆ ಆಸ್ಪತ್ರೆ. ಅವ್ವನನ್ನೂ ಕರೆದೆ. ಅವಳ ಬೆನ್ನ ಹಿಂದೆ ಹೇಳುವುದು ಬೇಡ.

"ಹೋದ ಸಲ ಹೇಳಿದ್ದು ಸರಿಯಿಲ್ಲ ಮೇಡಂ" ಎಂದು ನೋಟ್‌ಬುಕ್ ಕೊಟ್ಟೆ. ಅವ್ವ ಗೋಡೆ ನೋಡುತ್ತಿದ್ದಳು.

ಇಪ್ಪತ್ತು ದಿನದ್ದನ್ನೂ ಓದಿ ಡಾಕ್ಟರಮ್ಮ ಅವ್ವನ ಕಡೆ ತಿರುಗಿದರು. "ಅಜ್ಜಿ, ನೀವು ಊರಲ್ಲಿ ಇಲ್ದಿದ್ರೆ ಇವಳು ಏನ್ಮಾಡ್ತಾಳೆ?"

ಅವ್ವ ಮಿತ್ರಾಳನ್ನು ಮಡಿಲಿಗೆ ಎಳೆದುಕೊಂಡಳು.

"ಅದ್ಕೇ ನಾನು ಎಲ್ಗೂ ಓಗಲ್ಲ ಕಣವ್ವ."

ಚೀಟಿ ಸಿಕ್ಕಿತು. ಸೋಮವಾರ ಮೈಸೂರು.

ಜುಲೈ 6, ಭಾನುವಾರ, ಸಂಜೆ 5

ಮೂರು ದಿನ ಅವ್ವ ಮಾತಾಡಿರಲಿಲ್ಲ. ಈಗ ಬಂದು ಎದುರು ಕೂತಳು.

"ಏನು ಬರ್ದಿದ್ದೀಯ, ಓದು ಕಣ್ಲಾ."

ಓದಿದೆ. ಏಳೂವರೆಯ ಸಾಲಿಗೆ ಬಂದಾಗ ತಡೆದಳು. "ತಪ್ಪು. ತುಟಿಗಿಂತ ಮುಂಚೆ ಎಡಗೈ ಮುಷ್ಟಿ ಕಟ್ತಾಳೆ. ನಿನಗೆ ಕಾಣಲ್ಲ. ನಾಳೆ ಅವ್ರಿಗೆ ಬೇಕಾಯ್ತದೆ, ಬರ್ಕೊ."

ಬರೆದುಕೊಂಡೆ.

"ಇನ್ನೂ ಅವೆ."

ಹೇಳುತ್ತಲೇ ಇದ್ದಾಳೆ. ನಿಧಾನ ಎಂದರೂ ನಿಲ್ಲಿಸುವುದಿಲ್ಲ. ನೋಟ್‌ಬುಕ್ ತುಂಬಿತು, ಉಳಿದದ್ದು ಈ ಡೈರಿಯಲ್ಲೇ — ಹಸಿವಾದರೆ ಮಿತ್ರಾ ಮೊದಲು ಬಲಗಿವಿ ಮುಟ್ಟಿಕೊಳ್ಳುತ್ತಾಳೆ, ಆಮೇಲೆ…