ಅಳತೆ ಪುಸ್ತಕದಲ್ಲಿ ನನ್ನ ಸೊಂಟ

ಮಾರ್ಚ್ ೧೨, ಗುರುವಾರ

ಗಿರಾಕಿಯ ಸ್ಕರ್ಟನ್ನು ನನ್ನ ಸೊಂಟದ ಅಳತೆಗೆ ಹೊಲಿದುಬಿಟ್ಟೆ. ಹನ್ನೆರಡು ವರ್ಷದ ಹೊಲಿಗೆಯಲ್ಲಿ ಇಂಥ ಎಡವಟ್ಟು ಇದೇ ಮೊದಲು.

ಮುಟ್ಟಿನಲ್ಲಿ ಹೊಟ್ಟೆ ಹಿಂಡುವ ಈ ಎಂಡೊಮೆಟ್ರಿಯೋಸಿಸ್ ಕಾಯಿಲೆಗೆ ಔಷಧಿಯ ಜೊತೆ ಪಥ್ಯವನ್ನೂ ಮಾಡಿ, ಹೊಟ್ಟೆ ಎಷ್ಟು ಉಬ್ಬುತ್ತದೆಂದು ದಿನಾ ಬರೆದಿಡಿ ಎಂದಿದ್ದರು ಡಾಕ್ಟರು. ಅಂಗಡಿಯ ಅಳತೆ ಪುಸ್ತಕದಲ್ಲೇ ಬರೆಯುತ್ತಿದ್ದೆ. ಇವತ್ತು ಮುಟ್ಟಿನ ಎರಡನೇ ದಿನ. ನೋವಿಗೆ ಕಣ್ಣಿಗೆ ಕತ್ತಲೆ ಕವಿದು, ಗಿರಾಕಿಯ ಇಪ್ಪತ್ತೊಂಬತ್ತರ ಬದಲು ಅದರ ಕೆಳಗೆ ಬರೆದಿದ್ದ ನನ್ನ ಮೂವತ್ತನಾಲ್ಕನ್ನು ಓದಿಕೊಂಡೆ.

ನಾಲ್ಕು ತಿಂಗಳಿಂದ ಸಕ್ಕರೆ ಬಿಟ್ಟಿದ್ದೇನೆ, ಕಾಫಿ ಬಿಟ್ಟಿದ್ದೇನೆ, ಕರಿದದ್ದು ಬಿಟ್ಟಿದ್ದೇನೆ. ಬೆಳಿಗ್ಗೆ ಅರ್ಧ ಗಂಟೆ ನಡೆಯುತ್ತೇನೆ, ಚಾಪೆ ಹಾಸಿ ಬೆನ್ನು ಬಗ್ಗಿಸುತ್ತೇನೆ, ಹತ್ತಕ್ಕೆಲ್ಲ ಮಲಗುತ್ತೇನೆ. ಇನ್ನು ಏನು ಬಿಡಲಿ? ಉಸಿರೊಂದು ಬಾಕಿ ಇದೆ.

ಅಂಗಡಿಯ ಯಜಮಾನಿ ಅಕ್ಕ ಬೈಯಲಿಲ್ಲ. ಸ್ಕರ್ಟನ್ನು ಒಳಮೈ ತಿರುವಿ ನೋಡಿ, "ದೊಡ್ಡದಾಗಿದೆ ತಾನೇ? ಎರಡೂ ಕಡೆ ಹಿಡಿದ್ರೆ ಆಯ್ತು ಬಿಡೇ. ಇಷ್ಟಕ್ಕೆಲ್ಲ ಯಾರಾದ್ರೂ ಅಳ್ತಾರಾ?" ಅಂದರು.

ನಾನು ಅತ್ತದ್ದು ಸ್ಕರ್ಟಿಗಲ್ಲ. ಅಷ್ಟರಲ್ಲಿ ಪುಸ್ತಕದ ಹಿಂದಿನ ಪುಟಗಳನ್ನು ನೋಡಿಯಾಗಿತ್ತು. ಪಥ್ಯ ಶುರು ಮಾಡಿದ ತಿಂಗಳೂ ಮುಟ್ಟಿನ ಎರಡನೇ ದಿನಕ್ಕೆ ಮೂವತ್ತನಾಲ್ಕೇ ಇದೆ. ಅರ್ಧ ಇಂಚೂ ಇಳಿದಿಲ್ಲ.

ಮನೆಗೆ ಬಂದು ಹೊಟ್ಟೆಗಿಟ್ಟುಕೊಂಡ ಬಿಸಿನೀರಿನ ಚೀಲ ಆಗಲೇ ತಣ್ಣಗಾಗಿದೆ. ಏಳಲು ಆಗುತ್ತಿಲ್ಲ. ಸ್ಕರ್ಟನ್ನು ಹತ್ತು ನಿಮಿಷದಲ್ಲಿ ಹಿಡಿದುಕೊಟ್ಟೆ. ನನ್ನ ಹೊಟ್ಟೆಯನ್ನು ಹಿಡಿದದ್ದು ಇನ್ನೂ ಬಿಟ್ಟಿಲ್ಲ.