ಪಕ್ಕದ ತೊಟ್ಟಿಯಲ್ಲಿ ಕೂತವಳು

ಅಕ್ಟೋಬರ್ ೧೪, ಬುಧವಾರ ಮಧ್ಯಾಹ್ನ

ತಂಗಿಗೆ,

ಈ ಪದದ ಹಿಂದೆ 'ಪ್ರೀತಿಯ' ಎಂದು ಬರೆದು ಹೊಡೆದುಹಾಕಿದ್ದೇನೆ. ಬೇರೆ ಹಾಳೆ ತೆಗೆದುಕೊಳ್ಳಬಹುದಿತ್ತು, ಬೈಂಡಿಂಗ್ ಮಾಡುವವಳ ಮನೆಯಲ್ಲಿ ಹಾಳೆಗೇನೂ ಬರವಿಲ್ಲ. ಹೊಡೆದುಹಾಕಿದ್ದು ನಿನ್ನ ಕಣ್ಣಿಗೆ ಬೀಳಲಿ ಎಂದೇ ಇದರಲ್ಲಿ ಮುಂದುವರಿಸುತ್ತಿದ್ದೇನೆ.

ನಿನ್ನ ಮೂರು ಕಾಗದಗಳೂ ಬಂದಿವೆ. ಉತ್ತರ ತಡವಾದಾಗ ಕ್ಷಮಿಸು ಎನ್ನುವುದು ವಾಡಿಕೆ. ನಾನು ಅನ್ನುವುದಿಲ್ಲ. ಕೆಲಸ ಹೆಚ್ಚಿತ್ತು ಎಂದು ಬರೆದರೆ ನಂಬುತ್ತೀಯ, ಏಕೆಂದರೆ ಗ್ರಂಥಾಲಯದವರು ಕಳಿಸಿದ ಹರಕು ಪುಸ್ತಕಗಳು ಮೇಜಿನ ಕೆಳಗೆಲ್ಲ ತುಂಬಿ ಕಾಲಿಡಲು ಜಾಗವಿಲ್ಲ. ಆದರೆ ಕಾರಣ ಅದಲ್ಲ. ಬೇಕೆಂದೇ ಬರೆಯಲಿಲ್ಲ. ಆರೋಗ್ಯ ವಿಚಾರಿಸಿದ್ದೀಯ. ಬೆನ್ನು ನೋವು ಹಾಗೇ ಇದೆ. ಬಲಗಾಲು ಮೂರನೇ ವಯಸ್ಸಿನ ಜ್ವರದಲ್ಲಿ ಹೇಗೆ ಸೆಟೆದುಕೊಂಡಿತೋ ಐವತ್ತಮೂರರಲ್ಲೂ ಹಾಗೇ ಸೆಟೆದುಕೊಂಡಿದೆ. ಸೂಜಿಗೆ ದಾರ ಪೋಣಿಸಲು ಈಗೀಗ ಎರಡು ಮೂರು ಸಲ ಒದ್ದಾಡಬೇಕು. ನಿನ್ನ ಯಜಮಾನರಿಗೆ ಹೇಳು, ಕನ್ನಡಕದ ಅಂಗಡಿ ಇಟ್ಟವರಿಗೆ ಇದು ಸಂತೋಷದ ಸುದ್ದಿ.

ಈಗ ವಿಷಯಕ್ಕೆ ಬರುತ್ತೇನೆ.

ಶನಿವಾರ ಬೆಳಗ್ಗೆ ಒಬ್ಬರು ಅಳತೆ ಟೇಪು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು. ಹಲ್ಲಿನ ಡಾಕ್ಟರಂತೆ. "ನಿಮ್ಮ ತಂಗಿಯವರ ಹತ್ರ ಮಾತಾಗಿದೆ, ಬೈಕ್ ನೋಡೋಕೆ ಬಂದೆ" ಅಂದರು. ಯಾವ ಬೈಕು ಎಂದು ಕೇಳಬೇಕೆನಿಸಿತು. ನಮ್ಮ ಮನೆಯಲ್ಲಿ ಬೈಕು ಯಾವತ್ತೂ ಇರಲಿಲ್ಲ, ಎಮ್ಮೆ ಇತ್ತು. ಇಪ್ಪತ್ತೆರಡು ವರ್ಷದ ಹಿಂದೆ ಹಳೆ ಸಾಮಾನಿನ ಅಂಗಡಿಯಲ್ಲಿ ಕರ್ರಗೆ, ಜಪ್ಪಯ್ಯ ಅಂದರೂ ಅಲುಗದೆ ಬಿದ್ದಿದ್ದ ಮೋಟಾರ್‌ಸೈಕಲ್ಲನ್ನು ಮನೆಗೆ ಎಳೆದು ತಂದಾಗ ನೀನೇ ಇಟ್ಟ ಹೆಸರು. ಆಮೇಲೆ ಅದರ ಎಡಪಕ್ಕಕ್ಕೆ ಮೆಕ್ಯಾನಿಕ್ ತಗಡು ಬಡಿದು ಒಂದು ಸೈಡ್‌ಕಾರ್ ಮಾಡಿಕೊಟ್ಟ. ಮಡಚದ ಈ ಕಾಲನ್ನು ನೆಲದ ಮೇಲೆ ಚಾಚಿಸಿ, ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಂಡು ಅಷ್ಟುದ್ದಕ್ಕೇ ಮಾಡಿದ. ಅದಕ್ಕೆ ತೊಟ್ಟಿ ಎಂದು ಹೆಸರಿಟ್ಟವಳು ನಾನು.

ಡಾಕ್ಟರು ಎಮ್ಮೆಯ ಸುತ್ತ ಎರಡು ಸುತ್ತು ಹಾಕಿದರು. "ಬೈಕ್ ಮಾತ್ರ ಸಾಕು. ಈ ತಗಡಿಂದು ನಮಗೆ ಬೇಡ. ನಿಮ್ಮ ತಂಗಿಯವರೇ ಫೋನಲ್ಲಿ ಹೇಳಿದ್ರಲ್ಲ, ನಾಲ್ಕು ಬೋಲ್ಟ್ ಬಿಚ್ಚಿದ್ರೆ ಪಕ್ಕದ್ದು ಕಳಚ್ಕೊಂಡು ಬರುತ್ತೆ, ಬೈಕಿಗೆ ಏನೂ ಆಗಲ್ಲ ಅಂತ."

"ಬೈಕಿಗೆ ಏನೂ ಆಗಲ್ಲ, ನಿಜ. ಪಕ್ಕದ್ದಕ್ಕೆ?" ಅಂದೆ.

ಅವರಿಗೆ ಅರ್ಥವಾಗಲಿಲ್ಲ. "ಪಕ್ಕದ್ದು ನೀವೇ ಇಟ್ಕೊಳ್ಳಿ. ಮಣ್ಣು ತುಂಬಿ ಗಿಡ ಹಾಕಬಹುದು, ಚೆನ್ನಾಗಿ ಕಾಣುತ್ತೆ."

ಆ ಮನುಷ್ಯನ ಮೇಲೆ ನನಗೆ ಸಿಟ್ಟಿಲ್ಲ. ಕಳಿಸಿ ಬಾಗಿಲು ಹಾಕಿಕೊಂಡೆ, ಅಷ್ಟೇ. ಸಿಟ್ಟಿರುವುದು 'ಪಕ್ಕದ್ದು' ಎಂಬ ಮಾತನ್ನು ಅವರ ಬಾಯಿಗೆ ಕೊಟ್ಟವಳ ಮೇಲೆ.

ಹ್ಯಾಂಡಲ್ ಹಿಡಿದವಳೇ ಓಡಿಸಿದವಳು ಎಂದು ನೀನು ಯಾವಾಗಿನಿಂದ ನಂಬಿದೆ? ಎಡಕ್ಕೆ ತಿರುಗುವಾಗಲೆಲ್ಲ ತೊಟ್ಟಿಯ ಚಕ್ರ ನೆಲ ಬಿಟ್ಟು ಏಳಲು ನೋಡುತ್ತಿತ್ತು. ನಾನು ಸೊಂಟದಿಂದ ಮೇಲೆ ಪೂರ್ತಿ ಎಡಕ್ಕೆ ಬಾಗಿ ಭಾರ ಹಾಕಿದರೆ ಮಾತ್ರ ಅದು ನೆಲ ಕಚ್ಚಿ ನಿಲ್ಲುತ್ತಿತ್ತು. ನೀನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನಿನ್ನ ಮೊಣಕೈ ಇಷ್ಟು ಕೆಳಗಿಳಿದರೆ ನನ್ನ ಮೈ ಅಷ್ಟು ಹೊರಗಿರುತ್ತಿತ್ತು. ಆ ಘಟ್ಟದ ತಿರುವಿನಲ್ಲಿ ಲಾರಿ ಎದುರಿಗೆ ಬಂದಾಗ ನೀನು ಒಮ್ಮೆಗೇ ಎಡಕ್ಕೆ ಎಳೆದೆ, ಚಕ್ರ ಮೊಣಕಾಲೆತ್ತರ ಎದ್ದಿತು. ನಾನು ಅಂಚು ಹಿಡಿದು ತಲೆ ರಸ್ತೆಗೆ ತಾಗುವಷ್ಟು ಹೊರಗೆ ಜೋತುಬಿದ್ದೆ. ಎಮ್ಮೆ ನಿಂತ ಮೇಲೆ ನೀನು ಹ್ಯಾಂಡಲ್ ಬಿಡದೆ, "ಅಕ್ಕಾ, ನೀನಿಲ್ದಿದ್ರೆ ಇವತ್ತು ಇಬ್ರೂ ಇಲ್ಲ" ಅಂದೆ. ಅದೇ ಬಾಯಿ ಈಗ ನಾಲ್ಕು ಬೋಲ್ಟ್ ಅನ್ನುತ್ತಿದೆ.

ಮದುವೆಯಾಗಬೇಡ ಎಂದು ನಾನು ಹೇಳಲಿಲ್ಲ. ನಲವತ್ತೇಳಕ್ಕೆ ಮದುವೆಯಾ ಎಂದು ಬೀದಿಯವರು ನಕ್ಕಾಗ ಅವರ ಬಾಯಿ ಮುಚ್ಚಿಸಿದವಳು ನಾನೇ. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಇಡೀ ದಿನ ಯಾರ್ಯಾರದೋ ಬಾಟಲಿ ಹಿಡಿದು ನಿಲ್ಲುತ್ತಿದ್ದವಳಿಗೆ ಒಂದು ಮನೆ, ಒಬ್ಬ ಜೊತೆಗಾರ ಸಿಕ್ಕಿದ್ದಕ್ಕೆ ನನಗೆ ಹೊಟ್ಟೆಕಿಚ್ಚಿಲ್ಲ. ನೀನು ಹೋಗಿದ್ದು ಸರಿ. ನೀನಿಲ್ಲದಾಗ ಇಲ್ಲಿ ಏನಿರಬೇಕು, ಏನಿರಬಾರದು ಎಂದು ಆರು ಗಂಟೆ ರೈಲಿನ ದೂರದಲ್ಲಿ ಕೂತು ತೀರ್ಮಾನ ಮಾಡುವುದು ಸರಿಯಲ್ಲ.

ಇನ್ನು ನಿನ್ನ ಆಹ್ವಾನ. "ಕೆಳಗಿನ ಕೋಣೆ ಖಾಲಿ ಇದೆ ಅಕ್ಕ, ಮೆಟ್ಟಿಲು ಹತ್ತೋದೂ ಇಲ್ಲ, ಬಂದುಬಿಡು" ಎಂದು ಮೂರು ಕಾಗದದಲ್ಲೂ ಬರೆದಿದ್ದೀಯ. ಕೋಣೆ ಖಾಲಿ ಇದ್ದರೆ ಕನ್ನಡಕದ ಡಬ್ಬಿಗಳನ್ನು ತುಂಬಿಸು.

ವಾಹನ ನಿನ್ನ ಹೆಸರಿನಲ್ಲಿದೆ, ಕೀ ನನ್ನ ಹತ್ತಿರ ಇದೆ. ನೀನು ಸಹಿ ಹಾಕಿ ಕಳಿಸಿದ ಮಾರಾಟದ ಫಾರಂ ಹರಿದಿಲ್ಲ. ರಟ್ಟಿನ ಕಟ್ಟಿನ ಕೆಳಗೆ ಬಿದ್ದಿದೆ, ಅಲ್ಲೇ ಬಿದ್ದಿರುತ್ತದೆ. ನಿನ್ನೆ ಮೆಕ್ಯಾನಿಕ್‌ನನ್ನು ಕರೆಸಿ ಆ ನಾಲ್ಕು ಬೋಲ್ಟಿಗೂ ಬೆಸುಗೆ ಹಾಕಿಸಿದ್ದೇನೆ. "ಅಕ್ಕ, ಮುಂದೆ ರಿಪೇರಿಗೆ ಬಿಚ್ಚೋಕಾಗಲ್ಲ" ಅಂದ. "ಅದಕ್ಕೇ ಹಾಕು" ಅಂದೆ.

ಇಂತಿ,
ಬೋಲ್ಟ್ ಬಿಚ್ಚಿದರೆ ಕಳಚಿಕೊಳ್ಳದ
ನಿನ್ನ ಅಕ್ಕ


ನವೆಂಬರ್ ೯, ಸೋಮವಾರ

ತಂಗಿಗೆ,

ಈ ಸಲ 'ಪ್ರೀತಿಯ' ಬರೆಯಲೂ ಇಲ್ಲ, ಹೊಡೆಯಲೂ ಇಲ್ಲ.

ನಿನ್ನ ಉತ್ತರ ಎರಡೇ ಸಾಲು. 'ಅಕ್ಕಾ, ಇಪ್ಪತ್ತೆರಡು ವರ್ಷ ನಿನಗೆ ಕುಲುಕುತ್ತದಾ, ನೋವಾಗುತ್ತದಾ ಎಂದು ನೋಡಿಕೊಂಡೇ ಓಡಿಸಿದ್ದೇನೆ. ನನಗೆ ಸಾಕಾಗಿದೆ, ಹಾಗನ್ನಲು ನನಗೆ ಹಕ್ಕಿಲ್ಲವೇ?' ಎಷ್ಟು ಹೊತ್ತು ಕೂತು ಬರೆದೆಯೋ ಗೊತ್ತಿಲ್ಲ. ನಾನಂತೂ ಎಷ್ಟೋ ಸಲ ಓದಿದೆ. ಓದಿ ಕೆಲಸಕ್ಕೆ ಕೂತು, ಗ್ರಂಥಾಲಯದ ಒಂದು ನಿಘಂಟಿನ ಅಂಚು ಸವರುವಾಗ ಕತ್ತಿ ಒಳಗೆ ಹೋಗಿ ಪ್ರತಿ ಪುಟದಲ್ಲೂ ಕೊನೆಯ ಅಕ್ಷರ ಹಾರಿಹೋಯಿತು. ಮೂವತ್ತು ವರ್ಷದಲ್ಲಿ ಹೀಗೆ ಆಗಿರಲಿಲ್ಲ. ಗ್ರಂಥಾಲಯದವರು ಬಂದು ನೋಡಿ ಅದನ್ನು ಹಾಗೇ ಚೀಲಕ್ಕೆ ಹಾಕಿಕೊಂಡು ಹೋದರು. ಬೈದಿದ್ದರೆ ವಾಸಿಯಿತ್ತು.

ನಿನಗೆ ಹಕ್ಕಿದೆ. ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆದಿದ್ದೇನೆ. ಇದನ್ನು ಸಮಾಧಾನ ಎಂದು ತಿಳಿಯಬೇಡ.

ಅದಾದ ಮೇಲೆ ನಾನು ಒಂದು ಮೂರ್ಖ ಕೆಲಸ ಮಾಡಿದೆ. ನೀನಿಲ್ಲದಿದ್ದರೇನು ಎಂಬ ಹಟಕ್ಕೆ ಮೆಕ್ಯಾನಿಕ್‌ಗೆ ಕೀ ಕೊಟ್ಟು, ಕೆರೆಯ ತನಕ ಕರೆದುಕೊಂಡು ಹೋಗಿ ಬಾ ಅಂದೆ. ಎಂಟು ತಿಂಗಳು ನಿಂತಿದ್ದ ಎಮ್ಮೆ ಸುಲಭಕ್ಕೆ ಏಳಲಿಲ್ಲ. ಸೀಟನ್ನು ಇಲಿ ಕಡಿದು ಹತ್ತಿ ಹೊರಗೆಳೆದಿತ್ತು, ಕಾರ್ಬ್ಯುರೇಟರ್ ಬಿಚ್ಚಿದರೆ ಒಳಗೆಲ್ಲ ಅಂಟು. ಎರಡು ದಿನ ತಿಣುಕಿದ ಮೇಲೆ ಹೊರಟೆವು.

ಅವನು ಒಳ್ಳೆಯ ಕೆಲಸಗಾರ, ಓಡಿಸುವುದೂ ಚೆನ್ನಾಗಿ. ಆದರೆ ಮೊದಲ ಎಡ ತಿರುವಿಗೆ ನಾನು ಬಾಗಿದಾಗ ಅವನು ಇನ್ನೂ ತಿರುಗಿಸಿರಲಿಲ್ಲ. ಎರಡನೆಯದಕ್ಕೆ ಅವನು ತಿರುಗಿಸಿದಾಗ ನಾನು ನೆಟ್ಟಗೆ ಕೂತಿದ್ದೆ. ಚಕ್ರ ಎದ್ದಿತು. ಅವನು ಹೆದರಿ ಗಕ್ಕನೆ ನಿಲ್ಲಿಸಿ, "ಅಕ್ಕ, ನೀವು ಅಲುಗಾಡಬೇಡಿ. ಸುಮ್ಮನೆ ಕೂತ್ಕೊಳ್ಳಿ, ನಾನು ನೋಡ್ಕೊಳ್ತೀನಿ" ಅಂದ. ಆಮೇಲೆ ಪ್ರತಿ ತಿರುವಿಗೂ ಆಳು ನಡೆಯುವ ವೇಗಕ್ಕೆ ಇಳಿಸಿ, ಗಾಜಿನ ಸಾಮಾನು ಸಾಗಿಸುವವನಂತೆ ಓಡಿಸಿದ. ನಾನು ಸುಮ್ಮನೆ ಕೂತಿದ್ದೆ. ಕೆರೆ ಬಂತು, ನೋಡಿದೆ, ವಾಪಸ್ ಬಂದೆವು.

ಇಳಿಯಲು ಕೈ ಕೊಟ್ಟು, "ಮಾರ್ಬಿಡಿ ಅಕ್ಕ. ಓಡಿಸೋರಿಲ್ದೆ ಇನ್ನೊಂದು ವರ್ಷ ನಿಂತ್ರೆ ಇದು ಗುಜರಿಗೇ. ಇದನ್ನ ಎಬ್ಬಿಸಿ ನಿಲ್ಲಿಸಿದ್ದು ನಾನು, ನನಗೇ ನೋಡೋಕಾಗಲ್ಲ" ಅಂದ. ನಿನ್ನ ಮೂರು ಕಾಗದ ಮಾಡದ ಕೆಲಸ ಅವನ ಆ ಮಾತು ಮಾಡಿತು. ನಿನ್ನ ಮೇಲಿನ ಸಿಟ್ಟಿಗೆ ಎಮ್ಮೆಯನ್ನು ಕೊಲ್ಲುತ್ತಿದ್ದೇನೆ ಎಂದು ತಿಳಿಯಿತು. ಎರಡನ್ನೂ ಬೇರೆ ಮಾಡಿದೆ. ಎಮ್ಮೆಯನ್ನು ಕೊಡುವುದು, ಸಿಟ್ಟು ಇಟ್ಟುಕೊಳ್ಳುವುದು.

ಹಲ್ಲಿನ ಡಾಕ್ಟರಿಗೆ ಹೇಳಿಕಳಿಸಿದೆ. ಕೊಟ್ಟರೆ ಇಡಿಯಾಗಿ, ಇಲ್ಲದಿದ್ದರೆ ಇಲ್ಲ ಎಂದೆ. ಅವರು ಹೆಂಡತಿಯನ್ನು ಕರೆದುಕೊಂಡು ಬಂದರು. ಆಕೆ ಲೆಕ್ಕದ ಟೀಚರು, ದಪ್ಪಗೆ, ಗಟ್ಟಿ ದನಿಯವರು. ಬಂದವರೇ ತೊಟ್ಟಿಯೊಳಗೆ ಇಣುಕಿ ನೋಡಿ, "ಇದು ಬೇಡ ಅಂದಿದ್ದು ನಾನೇ. ಇವರು ಗಾಳಿ ಕುಡೀತಾ ಓಡಿಸ್ತಾರೆ, ನಾನು ಪಕ್ಕದಲ್ಲಿ ತರಕಾರಿ ಮೂಟೆ ಹಾಗೆ ಕೂರ್ಬೇಕಾ?" ಅಂದರು.

"ಮೂಟೆ ಹಾಗೆ ಕೂತ್ರೆ ಇಬ್ರೂ ಚರಂಡಿಗೆ ಬೀಳ್ತೀರಿ" ಅಂದೆ.

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಹಾಗಾದ್ರೆ ಹೇಗೆ ಕೂರ್ಬೇಕು, ತೋರಿಸಿ."

ಭಾನುವಾರ ಬೆಳಗ್ಗೆ ಶಾಲೆಯ ಮೈದಾನಕ್ಕೆ ಹೋದೆವು. ಡಾಕ್ಟರು ಹ್ಯಾಂಡಲ್ ಹಿಡಿದರು, ಆಕೆ ತೊಟ್ಟಿಯಲ್ಲಿ, ನಾನು ನಡುವೆ ಸ್ಟೂಲ್ ಹಾಕಿಕೊಂಡು ಕೂತು ಕೂಗುವುದು. ಮೊದಲ ಎಡ ಸುತ್ತಿಗೆ ಚಕ್ರ ಎದ್ದಿತು, ಆಕೆ ಗಂಡನ ತೋಳು ಹಿಡಿಯಲು ಹೋದರು. "ಅವರನ್ನ ಹಿಡೀಬೇಡಿ" ಎಂದು ಕೂಗಿದೆ. "ಅವರ ಕಡೆ ವಾಲಿದ್ರೆ ಮಗುಚುತ್ತೆ. ಅವರನ್ನ ಬಿಟ್ಟು ಆ ಕಡೆ ಬಾಗಿ." ಎರಡನೆಯ ಸುತ್ತಿಗೆ ಅರೆಮನಸ್ಸಿನಿಂದ ಬಾಗಿದರು. ಐದನೆಯದಕ್ಕೆ ಗಂಡನ ಮೊಣಕೈ ನೋಡಿಕೊಂಡು ಅರ್ಧ ಮೈ ಹೊರಗೆ ಹಾಕಿದರು. ಎಮ್ಮೆ ವೇಗ ತಗ್ಗಿಸದೆ, ಮೂರು ಚಕ್ರವನ್ನೂ ನೆಲಕ್ಕೊತ್ತಿಕೊಂಡು ತಿರುಗಿತು. ಇಳಿದು ಬಂದವರ ಕೂದಲೆಲ್ಲ ಕೆದರಿ ಮುಖ ಕೆಂಪಾಗಿತ್ತು. ಗಂಡನಿಗೆ ಹೇಳಿದರು, "ಅಂದ್ರೆ ನಾನು ಬಾಗದಿದ್ರೆ ನೀವು ತಿರುಗೋ ಹಾಗಿಲ್ಲ. ಇದನ್ನ ಮೊದಲೇ ಯಾಕೆ ಹೇಳ್ಲಿಲ್ಲ?" ಡಾಕ್ಟರು ನನ್ನ ಕಡೆ ನೋಡಿದ ನೋಟದಲ್ಲಿ ಗಿಡ ಹಾಕುವ ಉತ್ಸಾಹ ಉಳಿದಿರಲಿಲ್ಲ.

ರಟ್ಟಿನ ಕೆಳಗಿದ್ದ ನಿನ್ನ ಫಾರಂ ತೆಗೆದುಕೊಟ್ಟೆ. ಅವತ್ತೇ ಸಂಜೆ ನಾಲ್ಕಕ್ಕೆ ತೆಗೆದುಕೊಂಡು ಹೋದರು. ಬೀದಿಯ ಕೊನೆಯಲ್ಲಿ ಎಡ ತಿರುವಿದೆಯಲ್ಲ, ಅಲ್ಲಿ ಆಕೆ ಬಾಗಿದ್ದು ಕಾಣಿಸಿತು. ಸ್ವಲ್ಪ ತಡವಾಗಿ ಬಾಗಿದರು. ಕಲಿಯುತ್ತಾರೆ. ನಾನೂ ಮೊದಲ ವರ್ಷ ಹಾಗೇ ಇದ್ದೆ. ಮನೆಯೊಳಗೆ ಬಂದು ಬಾಗಿಲು ಹಾಕಿಕೊಂಡೆ. ಅತ್ತೆನೋ ಇಲ್ಲವೋ ನಿನಗೆ ಹೇಳುವುದಿಲ್ಲ.

ಆ ಜಾಗಕ್ಕೆ ಪುಸ್ತಕ ಒತ್ತುವ ದೊಡ್ಡ ಪ್ರೆಸ್ ತರಿಸುತ್ತಿದ್ದೇನೆ. ಗುರುವಾರ ಬರುತ್ತದೆ. ಆದ್ದರಿಂದ ಕೆಳಗಿನ ಕೋಣೆಯ ಮಾತು ಇನ್ನು ಬರೆಯಬೇಡ. ನಾನು ಇಲ್ಲಿಯವಳು, ಇಲ್ಲೇ ಇರುತ್ತೇನೆ. ರಜೆಗೆ ಬರುವುದಾದರೆ ಇಬ್ಬರೂ ಬನ್ನಿ, ಬಾಗಿಲು ಹಾಕಿರುವುದಿಲ್ಲ. ನಿನ್ನ ಯಜಮಾನರ ಮೇಲೆ ನನಗೆ ಯಾವ ಬೇಸರವೂ ಇಲ್ಲ, ಅವರು ಒಳ್ಳೆಯ ಮನುಷ್ಯ. ನೂರು ಕಾಲ ಚೆನ್ನಾಗಿರಿ. ಹಲ್ಲು ಕಚ್ಚಿಕೊಂಡು ಹೇಳುತ್ತಿದ್ದೇನೆ, ಆದರೂ ಅದು ಸುಳ್ಳಲ್ಲ.

ಇಂತಿ,
ನಿನ್ನ ಅಕ್ಕ

ಇನ್ನೊಂದು ಮಾತು. ಮರೆತು ಕೊನೆಗೆ ಬರೆಯುತ್ತಿಲ್ಲ, ಮೇಲೆ ಎಲ್ಲೂ ಬರೆಯಲು ಧೈರ್ಯ ಬರಲಿಲ್ಲ.

ನಿನ್ನ ಯಜಮಾನರು ಮೊದಲ ಸಲ ನಮ್ಮ ಮನೆಗೆ ಬಂದ ದಿನ, "ಇವಳು ನಮ್ಮಕ್ಕ" ಎಂದು ನೀನು ತೋರಿಸಿದಾಗ, ಅವರು ನನ್ನ ಮುಖ ನೋಡಲಿಲ್ಲ. ಹೊರಗೆ ನಿಂತಿದ್ದ ತೊಟ್ಟಿ ನೋಡಿದರು, ನನ್ನ ಕಾಲು ನೋಡಿದರು, ಆಮೇಲೆ ನೆಲ ನೋಡಿದರು. ಯಾಕೆ ಎಂದು ನಾನು ಕೇಳಲಿಲ್ಲ. ನನಗೆ ಗೊತ್ತಿತ್ತು. ದನಿ ಕೇಳಿದ ಕೂಡಲೇ ಗುರುತು ಹಿಡಿದಿದ್ದೆ.

ನೀವಿಬ್ಬರೂ ಕನ್ನಡಕದ ಅಂಗಡಿಯಲ್ಲಿ ಪರಿಚಯವಾದದ್ದು ಎಂದು ಎಲ್ಲರಿಗೂ ಹೇಳುತ್ತೀರಿ. ಅದಕ್ಕೆ ಮೊದಲು, ನಮ್ಮ ಕೊನೆಯ ಸುತ್ತಾಟದಲ್ಲಿ ಒಂದು ಪೆಟ್ರೋಲ್ ಬಂಕ್ ಇತ್ತು. ಮಳೆ ಬರುತ್ತಿತ್ತು, ತೊಟ್ಟಿಯ ಮೇಲೆ ಟಾರ್ಪಾಲು ಪೂರ್ತಿ ಎಳೆದಿದ್ದೆ. ನಾನು ನಿದ್ದೆ ಮಾಡಿದ್ದೇನೆ ಅಂದುಕೊಂಡಿದ್ದೆ ನೀನು. ಪಕ್ಕದಲ್ಲಿ ಕಾರು ನಿಂತ ಸದ್ದಾಯಿತು. ಗಂಡಸಿನ ದನಿ ಕೇಳಿತು, "ಇಷ್ಟು ದೊಡ್ಡ ಗಾಡೀಲಿ ಒಬ್ರೇ ಬಂದಿದೀರಾ?"

ನೀನು ನಕ್ಕು, "ಹೌದು, ಒಬ್ಬಳೇ" ಅಂದೆ.

ಆಮೇಲೂ ಮಾತಾಡುತ್ತಲೇ ಇದ್ದಿರಿ. ನನಗೆ ಕೆಮ್ಮು ಬಂತು. ಎರಡೂ ಕೈ ಬಾಯಿಗೆ ಒತ್ತಿಕೊಂಡು, ಅವರ ಕಾರು ಹೋಗುವ ತನಕ ತಡೆದುಕೊಂಡೆ.